ಮುದ್ದು ಹೆಚ್ಚು, ಮಾತು ಕಡಿಮೆ: ಗಂಡುಮಕ್ಕಳ ಮನಸ್ಸು ಬೆಳೆಯುವ ಬಗೆ

ಗಂಡುಮಕ್ಕಳ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಎರಡು ಮಾತು ಬಹಳ ಸಲೀಸು. ತಂಟೆ ಮಾಡಿದರೆ, ‘ಗಂಡು ಹುಡುಗ ಅಲ್ವಾ, ಹಾಗೇ ಇರ್ತಾನೆ ಬಿಡಿ.’ ಅತ್ತರೆ, ‘ಗಂಡ್ಸಾಗಿ ಅಳ್ತೀಯಲ್ಲೋ, ನಾಚಿಕೆ ಆಗಲ್ವಾ?’ ಮೊದಲನೆಯ ಮಾತು ಅವನ ಕೈಗೆ ಸಲಿಗೆ ಕೊಡುತ್ತದೆ, ಎರಡನೆಯದು ಅವನ ಬಾಯಿ ಮುಚ್ಚಿಸುತ್ತದೆ. ಒಂದೇ ಮನೆಯಲ್ಲಿ, ಒಂದೇ ದಿನ, ಒಬ್ಬರ ಬಾಯಲ್ಲೇ ಎರಡೂ ಬರುವುದುಂಟು. ಇವುಗಳ ಹಿಂದಿರುವ ನಂಬಿಕೆಯಲ್ಲಿ ಹುಟ್ಟುಗುಣ ಎಷ್ಟು, ನಾವು ಮಾಡಿದ ರೂಢಿ ಎಷ್ಟು? ಕಳೆದ ಐವತ್ತು ವರ್ಷಗಳಲ್ಲಿ ಈ ಪ್ರಶ್ನೆಯ ಮೇಲೆ ಸಾಕಷ್ಟು ಕೆಲಸ ನಡೆದಿದೆ. ಅದರಲ್ಲಿ ಗಟ್ಟಿಯಾಗಿ ನಿಂತದ್ದು ಯಾವುದು, ಜೊಳ್ಳು ಯಾವುದು ಎಂದು ಕೇರಿ ನೋಡಬೇಕಾದ ಕಾಲ ಇದು.

1974ರಲ್ಲಿ ಅಮೆರಿಕದ ಎಲೀನರ್ ಮ್ಯಾಕೊಬಿ ಮತ್ತು ಕ್ಯಾರಲ್ ಜ್ಯಾಕ್ಲಿನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞೆಯರು ಅಲ್ಲಿಯವರೆಗೆ ಬಂದಿದ್ದ ಸಾವಿರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದರು. ಗಂಡು–ಹೆಣ್ಣು ಮಕ್ಕಳ ನಡುವೆ ಇದೆಯೆಂದು ಜನ ನಂಬಿದ್ದ ವ್ಯತ್ಯಾಸಗಳಲ್ಲಿ ಹೆಚ್ಚಿನವಕ್ಕೆ ಆಧಾರವೇ ಸಿಗಲಿಲ್ಲ. ಉಳಿದುಕೊಂಡವು ನಾಲ್ಕೇ: ಭಾಷೆಯಲ್ಲಿ ಹುಡುಗಿಯರು ತುಸು ಮುಂದು, ಆಕಾರ–ಅಂತರಗಳನ್ನು ಮನಸ್ಸಿನಲ್ಲೇ ತಿರುಗಿಸಿ ನೋಡುವುದರಲ್ಲಿ, ಗಣಿತದಲ್ಲಿ ಹುಡುಗರು ತುಸು ಮುಂದು, ಹೊಡೆದಾಟದಲ್ಲಿ ಹುಡುಗರು ಹೆಚ್ಚು. 2005ರಲ್ಲಿ ಜ್ಯಾನೆಟ್ ಹೈಡ್ ಇಂಥ 46 ಒಟ್ಟು ವಿಶ್ಲೇಷಣೆಗಳನ್ನು ಮತ್ತೆ ಜಾಲಾಡಿದಾಗ, ಅಳೆಯಲಾದ ವ್ಯತ್ಯಾಸಗಳಲ್ಲಿ ಶೇ 78ರಷ್ಟು ತೀರಾ ಚಿಕ್ಕವು ಅಥವಾ ಇಲ್ಲವೆನ್ನುವಷ್ಟು ಅಲ್ಪವಾದವು ಎಂದು ತಿಳಿಯಿತು. ಗಣಿತದ ಅಂತರವೂ ಬಹುಮಟ್ಟಿಗೆ ಕರಗಿಹೋಗಿತ್ತು. ದೈಹಿಕ ಆಕ್ರಮಣದ ಅಂತರವಂತೂ ಕರಗಲಿಲ್ಲ.

ಹಾಗೆಂದು ಎಲ್ಲವೂ ಸಮಾಜದ ಕೈವಾಡ ಎಂದುಬಿಟ್ಟರೆ ಅದೂ ಅವಸರದ ತೀರ್ಮಾನ. ಅಡ್ರೀನಲ್ ಗ್ರಂಥಿಯ ಒಂದು ಹುಟ್ಟು ತೊಂದರೆಯಿಂದ ಗರ್ಭದಲ್ಲಿರುವಾಗಲೇ ಗಂಡು ಹಾರ್ಮೋನು ಹೆಚ್ಚಾಗಿ ದೊರೆತ ಹೆಣ್ಣುಮಕ್ಕಳು ಮುಂದೆ ಗಾಡಿ, ಕಾರು, ಕಟ್ಟುವ ಆಟಿಕೆಗಳ ಕಡೆ ಉಳಿದ ಹುಡುಗಿಯರಿಗಿಂತ ಹೆಚ್ಚು ಒಲಿಯುತ್ತಾರೆ. ಇದು ಹಲವು ಬಾರಿ ಕಂಡುಬಂದ ಸಂಗತಿ. ಹುಡುಗರ ಕುಸ್ತಿಯಂಥ ಆಟ, ಓಡಾಟ, ಗುದ್ದಾಟಗಳಲ್ಲಿ ದೇಹದ ಪಾಲು ಇದೆ. ಅದನ್ನು ಒಪ್ಪಿಕೊಂಡರೆ ನಷ್ಟವೇನಿಲ್ಲ. ಜಗಳವಲ್ಲದ ಈ ಗುದ್ದಾಟದಲ್ಲಿ ಮಕ್ಕಳು ನಗುತ್ತಿರುತ್ತಾರೆ, ಮೇಲೆ ಕೆಳಗೆ ಪಾಳಿ ಬದಲಿಸುತ್ತಾರೆ, ಆಟ ಮುಗಿದ ಮೇಲೂ ಜೊತೆಗೇ ಇರುತ್ತಾರೆ. ಬಲವನ್ನು ಎಲ್ಲಿ ಬಿಗಿ ಹಿಡಿಯಬೇಕೆಂಬ ಪಾಠ ಅವರಿಗೆ ಸಿಗುವುದು ಅಲ್ಲೇ. ಆಟದ ಮೈದಾನವಿಲ್ಲದ ಶಾಲೆಗಳಲ್ಲಿ, ಮೂರನೇ ಮಹಡಿಯ ತರಗತಿಗಳಲ್ಲಿ ಹುಡುಗರನ್ನು ಆರು ಗಂಟೆ ಕೂರಿಸಿ, ಅವರು ಮಿಸುಕಾಡಿದರೆ ‘ಶಿಸ್ತಿಲ್ಲ’ ಎನ್ನುವ ಮೊದಲು ಇದನ್ನು ನೆನೆಯಬೇಕು.

ಆದರೆ ದೇಹದ ಹೆಸರಿನಲ್ಲಿ ಆಧಾರವಿಲ್ಲದ ಮಾತುಗಳೂ ಹರಡಿವೆ. ನಾಲ್ಕು ವರ್ಷದ ಹುಡುಗರಲ್ಲಿ ಟೆಸ್ಟೋಸ್ಟಿರಾನ್ ಇದ್ದಕ್ಕಿದ್ದಂತೆ ಏರುತ್ತದೆ, ಅದಕ್ಕೇ ಅವರು ಹಾಗೆ ಕುಣಿಯುತ್ತಾರೆ ಎಂದು ಮಕ್ಕಳ ಪಾಲನೆಯ ಜನಪ್ರಿಯ ಪುಸ್ತಕಗಳಲ್ಲಿ ಬಂದಿದೆ, ಪೋಷಕರ ಸಭೆಗಳಲ್ಲೂ ಕೇಳಿಬರುತ್ತದೆ. ರಕ್ತಪರೀಕ್ಷೆಗಳು ಹೇಳುವುದೇ ಬೇರೆ. ಹುಟ್ಟಿದ ಮೊದಲ ಕೆಲವು ತಿಂಗಳಲ್ಲಿ ಗಂಡು ಶಿಶುಗಳಲ್ಲಿ ಈ ಹಾರ್ಮೋನು ಒಮ್ಮೆ ಏರಿ ಇಳಿಯುತ್ತದೆ. ಅಲ್ಲಿಂದ ಮೈನೆರೆಯುವ ವಯಸ್ಸಿನವರೆಗೆ ಹುಡುಗ–ಹುಡುಗಿಯರಿಬ್ಬರಲ್ಲೂ ಅದರ ಮಟ್ಟ ತೀರಾ ಕಡಿಮೆ. ಮಿದುಳಿನ ಮಾತೂ ಹಾಗೆಯೇ. ಒಂದು ದೊಡ್ಡ ಸ್ಕ್ಯಾನ್ ಅಧ್ಯಯನದಲ್ಲಿ ಮಿದುಳಿನ ಒಟ್ಟು ಗಾತ್ರ ಹುಡುಗಿಯರಲ್ಲಿ ಹತ್ತೂವರೆ ವರ್ಷದ ಹೊತ್ತಿಗೂ ಹುಡುಗರಲ್ಲಿ ಹದಿನಾಲ್ಕೂವರೆಯ ಹೊತ್ತಿಗೂ ತುತ್ತತುದಿ ಮುಟ್ಟಿತು. ಬೆಳವಣಿಗೆಯ ವೇಗ ಬೇರೆ ಎಂಬುದಕ್ಕೆ ಇದು ಸಾಕ್ಷಿ. ಹುಡುಗನಿಗೆ ಬುದ್ಧಿ ಕಡಿಮೆ, ಭಾವನೆ ಕಡಿಮೆ ಎಂಬುದಕ್ಕಲ್ಲ.

ಇನ್ನು ಹೊಡೆದಾಟದ ವಿಷಯ. ನನ್ನ ಮಟ್ಟಿಗೆ ಇಡೀ ಕ್ಷೇತ್ರದಲ್ಲಿ ಅತ್ಯಂತ ಮುಖ್ಯವಾದ ತಿಳಿವಳಿಕೆ ಬಂದಿರುವುದು ಇಲ್ಲಿಂದಲೇ. ಕೆನಡಾದ ಮಾಂಟ್ರಿಯಲ್ ನಗರದಲ್ಲಿ ರಿಚರ್ಡ್ ಟ್ರೆಂಬ್ಲೆ ಮತ್ತು ಸಂಗಡಿಗರು 1984ರಲ್ಲಿ ಬಡ ಬಡಾವಣೆಗಳ 1,037 ಹುಡುಗರನ್ನು ಶಿಶುವಿಹಾರದಿಂದಲೇ ಗುರುತಿಸಿ, ಅವರು ದೊಡ್ಡವರಾಗುವವರೆಗೂ ಬೆನ್ನುಹತ್ತಿದರು. ಹುಡುಗರು ಬೆಳೆಯುತ್ತಾ ಸಿನಿಮಾ ನೋಡಿ, ಸಹವಾಸ ಸೇರಿ ಹೊಡೆಯುವುದನ್ನು ಕಲಿಯುತ್ತಾರೆ ಎಂಬುದು ಆಗಿನ ಸಾಮಾನ್ಯ ತಿಳಿವಳಿಕೆ. ಕಂಡದ್ದು ಅದಕ್ಕೆ ತದ್ವಿರುದ್ಧ. ಹೆಚ್ಚಿನ ಹುಡುಗರ ಹೊಡೆದಾಟ ವರ್ಷದಿಂದ ವರ್ಷಕ್ಕೆ ಇಳಿಯುತ್ತಲೇ ಹೋಯಿತು. ಆಮೇಲೆ ಇನ್ನೂ ಚಿಕ್ಕ ಮಕ್ಕಳನ್ನು ನೋಡಿದಾಗ, ಹೊಡೆಯುವುದು, ಕಚ್ಚುವುದು, ತಳ್ಳುವುದು ಅತಿ ಹೆಚ್ಚಾಗಿರುವುದು ಎರಡರಿಂದ ನಾಲ್ಕು ವರ್ಷದ ಆಸುಪಾಸಿನಲ್ಲಿ ಎಂದು ಗೊತ್ತಾಯಿತು. ಅಂದರೆ ಹೊಡೆಯುವುದನ್ನು ಮಗು ಯಾರಿಂದಲೂ ಕಲಿಯಬೇಕಿಲ್ಲ. ಹೊಡೆಯದೆ ಇರುವುದನ್ನು ಕಲಿಯಬೇಕು. ಸಿಟ್ಟು ಬಂದಾಗ ಬಾಯಲ್ಲಿ ಹೇಳುವುದು, ತನ್ನ ಸರದಿಗೆ ಕಾಯುವುದು, ಸೋತರೆ ತಡೆದುಕೊಳ್ಳುವುದು, ಇವೆಲ್ಲ ದೊಡ್ಡವರೊಬ್ಬರು ಪಕ್ಕದಲ್ಲಿದ್ದು ದಿನವೂ ಕಲಿಸಬೇಕಾದ ಪಾಠಗಳು.

ಈ ಒಂದು ಸಂಗತಿಯ ಎದುರು ‘ಗಂಡು ಹುಡುಗ, ಹಾಗೇ ಇರ್ತಾನೆ’ ಎಂಬ ಮಾತು ನಿಲ್ಲುವುದಿಲ್ಲ. ಎರಡು ವರ್ಷದವನು ಹಾಗೆ ಇರುತ್ತಾನೆ, ನಿಜ. ಎಂಟು ವರ್ಷಕ್ಕೂ ಹಾಗೇ ಇದ್ದರೆ ಕಲಿಸಬೇಕಾದವರು ಕಲಿಸಿಲ್ಲ, ಇಲ್ಲವೇ ಅವನಿಗೆ ಕಲಿಯಲು ಬೇರೆ ಏನೋ ಅಡ್ಡಿಯಿದೆ ಎಂದರ್ಥ. ಚಂಚಲತೆ, ಗಮನದ ಕೊರತೆ ಇರುವ ಎಡಿಎಚ್‌ಡಿ, ಆಟಿಸಂ, ಮಾತು ತಡವಾಗುವುದು, ಇವೆಲ್ಲ ಹುಡುಗಿಯರಿಗಿಂತ ಹುಡುಗರಲ್ಲಿ ಹೆಚ್ಚು ಗುರುತಿಸಲ್ಪಡುತ್ತವೆ. ‘ಹಾಗೇ ಇರ್ತಾನೆ’ ಎಂದು ಕೈಬಿಟ್ಟ ಎಷ್ಟೋ ಹುಡುಗರಿಗೆ ಬೇಕಾಗಿದ್ದುದು ತಜ್ಞರ ನೆರವು. ಬೆಂಗಳೂರಿನ ನಗರ, ಗ್ರಾಮಾಂತರ ಪ್ರದೇಶಗಳ ಎರಡು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ನೋಡಿ ನಿಮ್ಹಾನ್ಸ್ ತಜ್ಞರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎಂಟರಲ್ಲಿ ಒಂದು ಮಗುವಿಗೆ ಮನೋವೈದ್ಯಕೀಯವಾಗಿ ಗುರುತಿಸಬಹುದಾದ ತೊಂದರೆ ಇತ್ತು. ಹೀಗಿದ್ದರೂ ಪ್ರಿನ್ಸಿಪಾಲರ ಕೋಣೆಯ ಹೊರಗೆ ನಿಲ್ಲುವ ಹುಡುಗನನ್ನು ಕಂಡಾಗ ನಮಗೆ ಮೊದಲು ತೋರುವುದು ಶಿಕ್ಷೆ.

ಅಳುವಿನ ಕಡೆ ಬರೋಣ. 1976ರ ಒಂದು ಪ್ರಯೋಗ ನೆನಪಿಡಬೇಕಾದದ್ದು. ಪೆಟ್ಟಿಗೆಯಿಂದ ಥಟ್ಟನೆ ಜಿಗಿಯುವ ಬೊಂಬೆಯನ್ನು ಕಂಡು ಬೆಚ್ಚಿ ಅಳುವ ಮಗುವಿನ ಒಂದೇ ಚಿತ್ರಣವನ್ನು ಸಂಶೋಧಕರಾದ ಕಾಂಡ್ರಿ ದಂಪತಿ ಹಲವರಿಗೆ ತೋರಿಸಿದರು. ಅದು ಗಂಡು ಎಂದು ಹೇಳಿಸಿಕೊಂಡವರಿಗೆ ಆ ಅಳುವಿನಲ್ಲಿ ಸಿಟ್ಟು ಕಂಡಿತು. ಹೆಣ್ಣು ಎಂದು ಹೇಳಿಸಿಕೊಂಡವರಿಗೆ ಹೆದರಿಕೆ ಕಂಡಿತು. ಮಗು ಒಂದೇ, ಅಳು ಒಂದೇ. ಹೆದರಿದ ಮಗುವನ್ನು ಎತ್ತಿಕೊಳ್ಳುತ್ತೇವೆ, ಸಿಟ್ಟಾದ ಮಗುವನ್ನು ಗದರುತ್ತೇವೆ. ತೊಟ್ಟಿಲಿನಲ್ಲೇ ಶುರುವಾಗುವ ಈ ತಪ್ಪು ಓದು ಹುಡುಗನ ಜೊತೆಗೇ ಬೆಳೆಯುತ್ತದೆ.

ಗಂಡು ಶಿಶುಗಳಿಗೆ ಭಾವನೆ ಕಡಿಮೆ ಎನ್ನುವಂತೆಯೂ ಇಲ್ಲ. ತಾಯಿ ಮಗುವಿನೆದುರು ಕೆಲವು ನಿಮಿಷ ಮುಖಭಾವವಿಲ್ಲದೆ ಸುಮ್ಮನೆ ಕೂರುವ ಎಡ್ವರ್ಡ್ ಟ್ರಾನಿಕ್ ಅವರ ಹೆಸರಾಂತ ಪ್ರಯೋಗದಲ್ಲಿ, ಆರು ತಿಂಗಳ ಗಂಡು ಶಿಶುಗಳು ಹೆಣ್ಣು ಶಿಶುಗಳಿಗಿಂತ ಹೆಚ್ಚು ತಳಮಳಗೊಂಡವು, ಹೆಚ್ಚು ಅತ್ತವು. 160ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟು ಸೇರಿಸಿ 2013ರಲ್ಲಿ ಬಂದ ವಿಶ್ಲೇಷಣೆಯಂತೂ ಹಸುಗೂಸಿನ ವಯಸ್ಸಿನಲ್ಲಿ ಭಾವ ತೋರುವ ಬಗೆಯಲ್ಲಿ ಹೇಳಿಕೊಳ್ಳುವಂಥ ಅಂತರವೇ ಇಲ್ಲ, ಮಕ್ಕಳು ದೊಡ್ಡವರಾದಂತೆ ಅದು ಹಿಗ್ಗುತ್ತದೆ ಎಂದಿತು. ಈ ಎರಡು ಫಲಿತಾಂಶಗಳು ಒಂದಕ್ಕೊಂದು ಪೂರ್ತಿ ಹೊಂದುವುದಿಲ್ಲ. ಆದರೆ ಹುಡುಗ ಕಲ್ಲುಮನಸ್ಸಿನವನಾಗಿ ಹುಟ್ಟುತ್ತಾನೆಂದು ಎರಡೂ ಹೇಳುವುದಿಲ್ಲ. ತಾಯಂದಿರು ಹೆಣ್ಣುಮಕ್ಕಳೊಂದಿಗೆ ದುಃಖದ ಬಗ್ಗೆ, ಗಂಡುಮಕ್ಕಳೊಂದಿಗೆ ಸಿಟ್ಟಿನ ಬಗ್ಗೆ ಹೆಚ್ಚು ಮಾತಾಡುತ್ತಾರೆ ಎಂಬುದೂ ಪಾಶ್ಚಾತ್ಯ ಮನೆಗಳಲ್ಲಿ ದಾಖಲಾಗಿದೆ. ನಗುವ ಹೆಂಗಸನ್ನೂ ಅಳುವ ಗಂಡಸನ್ನೂ ನಂಬಬಾರದೆಂಬ ಗಾದೆ ಇಟ್ಟುಕೊಂಡಿರುವ ನಾವು ಇದರಲ್ಲಿ ಅವರಿಗಿಂತ ಹಿಂದಿಲ್ಲ.

ಇಲ್ಲಿ ನಮ್ಮ ನೆಲದ ಒಂದು ಒಳನೋಟ ಬೇಕು. ಮನೋವಿಶ್ಲೇಷಕ ಸುಧೀರ್ ಕಕ್ಕರ್ 1978ರಲ್ಲಿ ಭಾರತೀಯ ಬಾಲ್ಯದ ಕುರಿತು ಬರೆದ ಪುಸ್ತಕದಲ್ಲಿ ಹುಡುಗನ ಬದುಕಿನ ಒಂದು ತಿರುವನ್ನು ಗುರುತಿಸಿದರು. ನಾಲ್ಕೈದು ವರ್ಷದವರೆಗೆ ಅವನು ತಾಯಿ, ಅಜ್ಜಿ, ಅತ್ತೆಯರ ಮಡಿಲಲ್ಲಿ ಹೆಚ್ಚು ಕಟ್ಟುಪಾಡಿಲ್ಲದೆ ಬೆಳೆಯುತ್ತಾನೆ. ಆಮೇಲೆ ಗಂಡಸರ ಲೋಕಕ್ಕೆ, ಶಿಸ್ತಿಗೆ, ಅಪ್ಪನ ದೂರಕ್ಕೆ ಅವನನ್ನು ಬಹುಪಾಲು ಒಮ್ಮೆಗೇ ದಾಟಿಸಲಾಗುತ್ತದೆ. ಕಕ್ಕರ್ ಇದನ್ನು ಎರಡನೆಯ ಹುಟ್ಟು ಎಂದು ಕಂಡರು. ಅವರ ಕಣ್ಣ ಮುಂದಿದ್ದುದು ಹೆಚ್ಚಾಗಿ ಮೇಲ್ಜಾತಿಯ ಹಿಂದೂ ಕುಟುಂಬ. ಕೂಲಿಗೆ ಹೋಗುವ ತಾಯಿಯ ಮಗನಿಗಾಗಲಿ, ಇಂದಿನ ಅಪಾರ್ಟ್‌ಮೆಂಟಿನ ಒಂಟಿ ಮಗುವಿಗಾಗಲಿ ಅದು ಹಾಗೆಯೇ ಹೊಂದುವುದಿಲ್ಲ. ಆದರೂ ಮುದ್ದಿನಿಂದ ಮೌನಕ್ಕೆ ಆ ಜಿಗಿತ ನಮಗೆ ಪರಿಚಿತವೇ. ಊಟ ಬಡಿಸುವಾಗ, ಹೊಸ ಬಟ್ಟೆ ತರುವಾಗ, ಶಾಲೆಯ ಫೀಸು ಕಟ್ಟುವಾಗ ಗಂಡುಮಗನಿಗೆ ಪಾಲು ಹೆಚ್ಚು. ಅವನ ಹತ್ತಿರ ಕೂತು ‘ಯಾಕೋ ಸಪ್ಪಗಿದ್ದೀಯ?’ ಎಂದು ಕೇಳುವವರು ಕಡಿಮೆ. ಹೆಣ್ಣುಮಗಳಿಗೆ ಆಗುವ ಅನ್ಯಾಯದ ಮುಂದೆ ಇದನ್ನು ಇಟ್ಟು ತೂಗುವಂತಿಲ್ಲ. ಅವಳಿಗೆ ಎಷ್ಟೋ ಸಲ ಹುಟ್ಟುವ ಹಕ್ಕೇ ಸಿಕ್ಕಿಲ್ಲ. ಆದರೆ ಪಕ್ಷಪಾತ ಮಾಡಿ ಸಾಕಿದ ಮಗನಿಗೂ ಆ ಪಕ್ಷಪಾತದಿಂದ ಒಳಿತಾಗಿಲ್ಲ ಎನ್ನುವುದನ್ನು ಹೇಳಲೇಬೇಕು.

ಯು.ಆರ್. ಅನಂತಮೂರ್ತಿಯವರ ‘ಘಟಶ್ರಾದ್ಧ’ ಕಥೆಯನ್ನು, ಅದರ ಮೇಲೆ ಗಿರೀಶ ಕಾಸರವಳ್ಳಿ 1977ರಲ್ಲಿ ಮಾಡಿದ ಚಿತ್ರವನ್ನು ಬಲ್ಲವರಿಗೆ ನಾಣಿ ಗೊತ್ತು. ಇಡೀ ಅಗ್ರಹಾರ ಕೈಬಿಟ್ಟ ಹೆಣ್ಣಿನ ಸಂಕಟ ಪೂರ್ತಿ ತಟ್ಟುವುದು ಆ ಪುಟ್ಟ ಹುಡುಗನಿಗೆ. ಅವನು ನಮ್ಮ ಸಾಹಿತ್ಯಕ್ಕೆ ಅಪವಾದವಲ್ಲ, ನಮ್ಮ ಮನೆಗಳಿಗೂ ಅಲ್ಲ. ಆ ವಯಸ್ಸಿನ ಹುಡುಗರು ಎಲ್ಲವನ್ನೂ ಕಾಣುತ್ತಾರೆ, ಮರುಗುತ್ತಾರೆ. ಆ ಮರುಕ ಆಮೇಲೆ ಎಲ್ಲಿ ಹೋಗುತ್ತದೆ?

ಅಮೆರಿಕದ ನಯೋಬಿ ವೇ ಇದೇ ಪ್ರಶ್ನೆಯನ್ನು ಗೆಳೆತನದ ಮೂಲಕ ಕೇಳಿದರು. ಅವರು ವರ್ಷಗಟ್ಟಲೆ ಮಾತಾಡಿಸಿದ ಹುಡುಗರು ಹದಿಮೂರು–ಹದಿನಾಲ್ಕರಲ್ಲಿ ಆಪ್ತ ಗೆಳೆಯನ ಬಗ್ಗೆ, ಅವನಿಗೆ ಹೇಳುವ ಗುಟ್ಟುಗಳ ಬಗ್ಗೆ ಮನಬಿಚ್ಚಿ ಹೇಳಿದರು. ಹದಿನಾರು ದಾಟುವ ಹೊತ್ತಿಗೆ ಅವರಲ್ಲಿ ಬಹಳ ಜನರಿಗೆ ಅಂಥ ಗೆಳೆಯ ಉಳಿದಿರಲಿಲ್ಲ, ಬೇಕೆಂಬ ಆಸೆ ಮಾತ್ರ ಉಳಿದಿತ್ತು. 2011ರಲ್ಲಿ ಪ್ರಕಟವಾದ ಈ ಕೆಲಸವನ್ನು ನಮ್ಮ ಹುಡುಗರ ಮೇಲೆ ನೇರ ಹೊರಿಸಬಾರದು. ನಮ್ಮ ಊರುಗಳಲ್ಲಿ ಹುಡುಗರು ಇಂದಿಗೂ ಹೆಗಲ ಮೇಲೆ ಕೈ ಹಾಕಿಕೊಂಡು ನಡೆಯುತ್ತಾರೆ. ಅದೊಂದು ದೊಡ್ಡ ಸಂಪತ್ತು. ಅದನ್ನು ಗೇಲಿ ಮಾಡಿ ಕಳೆಯದಿರುವುದು ದೊಡ್ಡವರ ಹೊಣೆ.

ಕರ್ನಾಟಕದ ಲೆಕ್ಕಗಳನ್ನು ನೋಡಿದರೆ ಕಳವಳವಾಗುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಹೇಳದೆ ಹೊರಗೆ ಹೋಗುವುದು, ಎದುರು ಮಾತಾಡುವುದು, ಅಡುಗೆ ಸರಿಯಾಗಿ ಮಾಡದಿರುವುದು ಮೊದಲಾದ ಏಳು ಕಾರಣಗಳಲ್ಲಿ ಒಂದಕ್ಕಾದರೂ ಗಂಡ ಹೆಂಡತಿಯನ್ನು ಹೊಡೆಯುವುದು ಸರಿ ಎಂದ ಗಂಡಸರ ಪ್ರಮಾಣ ನಮ್ಮ ರಾಜ್ಯದಲ್ಲಿ ಶೇ 81.9. ಆ ಬಾರಿ ಪ್ರಕಟವಾದ ರಾಜ್ಯಗಳ ಪಟ್ಟಿಯಲ್ಲಿ ಇದೇ ಎಲ್ಲಕ್ಕಿಂತ ಹೆಚ್ಚು. ಹಿಮಾಚಲ ಪ್ರದೇಶದಲ್ಲಿ ಅದು ಶೇ 14.2. ಟೆಸ್ಟೋಸ್ಟಿರಾನ್ ಎರಡೂ ಕಡೆ ಒಂದೇ. ಆದ್ದರಿಂದ ಈ ಅಂತರದ ಬೇರು ಮನೆಯಲ್ಲಿದೆ, ಬೀದಿಯಲ್ಲಿದೆ, ಶಾಲೆಯಲ್ಲಿದೆ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆ ಇನ್ನೊಂದು ಮೂಲೆಯನ್ನು ತೋರಿಸುತ್ತದೆ: ಆರು ವರ್ಷ ಮೇಲ್ಪಟ್ಟ ಹೆಣ್ಣುಮಕ್ಕಳಲ್ಲಿ ಶೇ 81ರಷ್ಟು ಮಂದಿ ದಿನವೂ ಮನೆಗೆಲಸಕ್ಕೆ ಕೈಹಾಕಿದರೆ, ಗಂಡಸರಲ್ಲಿ ಅದು ಶೇ 26. ಗಂಡುಮಗ ತಿಂದ ತಟ್ಟೆ ಎತ್ತಿಡದೆ ಎದ್ದುಹೋಗುವುದನ್ನು ಕಲಿಯುವುದು ಆ ಆರನೇ ವರ್ಷದ ಸುತ್ತಮುತ್ತಲೇ.

ಓದಿನಲ್ಲಿ ಹುಡುಗರು ಹಿಂದೆ ಬೀಳುತ್ತಿರುವುದು ಈಗ ಪ್ರತಿವರ್ಷದ ಸುದ್ದಿ. 2024ರ ಎಸ್ಸೆಸ್ಸೆಲ್ಸಿಯಲ್ಲಿ ಹುಡುಗಿಯರು ಶೇ 81.11 ತೇರ್ಗಡೆಯಾದರೆ ಹುಡುಗರು ಶೇ 65.90. ‘ಹುಡುಗಿಯರೇ ಮೇಲುಗೈ’ ಎಂಬ ತಲೆಬರಹ ಓದಿ ಮುಗಿಸುತ್ತೇವೆ, ಉಳಿದ ಆ ಹುಡುಗರು ಎಲ್ಲಿ ಹೋದರು ಎಂದು ಕೇಳುವುದಿಲ್ಲ. ಕೆಲವರು ಗ್ಯಾರೇಜಿಗೆ, ಕೆಲವರು ಕಟ್ಟಡ ಕೆಲಸಕ್ಕೆ, ಕೆಲವರು ಎಲ್ಲಿಗೂ ಇಲ್ಲ.

ಹುಡುಗರ ಮೇಲಿನ ದೌರ್ಜನ್ಯ ನಮ್ಮ ಸಮಾಜ ಇನ್ನೂ ಬಾಯಿಬಿಟ್ಟು ಆಡದ ವಿಷಯ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ಅಧ್ಯಯನ 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿತ್ತು. ಒಂದಲ್ಲ ಒಂದು ರೀತಿಯ ಲೈಂಗಿಕ ದೌರ್ಜನ್ಯ ಅನುಭವಿಸಿದ್ದೇವೆ ಎಂದವರು ಅರ್ಧಕ್ಕಿಂತ ಹೆಚ್ಚು; ಅವರಲ್ಲಿ ಶೇ 52.94 ಗಂಡುಮಕ್ಕಳು. 2012ರ ಪೋಕ್ಸೊ ಕಾಯ್ದೆ ಹುಡುಗ, ಹುಡುಗಿ ಎಂದು ಭೇದ ಮಾಡುವುದಿಲ್ಲ. ಭೇದ ಉಳಿದಿರುವುದು ನಮ್ಮ ಕಿವಿಯಲ್ಲಿ. ‘ಗಂಡು ಹುಡುಗನಿಗೆ ಏನಾಗುತ್ತೆ?’ ಎನ್ನುವ ಮನೆಯಲ್ಲಿ ಅವನು ಯಾರಿಗೆ ಹೇಳಬೇಕು? ಹೇಳಲಾಗದ ನೋವು ಹದಿವಯಸ್ಸಿನಲ್ಲಿ ಸಿಟ್ಟಾಗಿ, ಕುಡಿತವಾಗಿ, ಮನೆ ಬಿಟ್ಟು ಓಡುವುದಾಗಿ ಹೊರಬಿದ್ದರೆ ಆಗ ಅವನಿಗೆ ‘ಪುಂಡ’ ಎಂಬ ಹೆಸರು ಅಂಟುತ್ತದೆ.

ಆತ್ಮಹತ್ಯೆಯ ಅಂಕಿಅಂಶ ಇದಕ್ಕೆ ಹೊಂದಿಕೊಂಡೇ ಇದೆ. 2022ರಲ್ಲಿ ದೇಶದಲ್ಲಿ 1,70,924 ಮಂದಿ ಜೀವ ಕಳೆದುಕೊಂಡರು. ಹದಿನೆಂಟರೊಳಗಿನವರಲ್ಲಿ ಹೆಣ್ಣುಮಕ್ಕಳೇ ತುಸು ಹೆಚ್ಚು. ಎಲ್ಲ ವಯಸ್ಸೂ ಸೇರಿದರೆ ನೂರರಲ್ಲಿ ಸುಮಾರು 72 ಗಂಡಸರು. ಹುಡುಗ ಗಂಡಸಾಗುವ ದಾರಿಯಲ್ಲಿ ಈ ಲೆಕ್ಕ ತಲೆಕೆಳಗಾಗುತ್ತದೆ. ಸಾಲ, ನಿರುದ್ಯೋಗ, ಕುಡಿತ ಕಾರಣವಿರಬಹುದು. ಕಷ್ಟವನ್ನು ಇನ್ನೊಬ್ಬರ ಮುಂದೆ ಹೇಳಿಕೊಳ್ಳುವ ಅಭ್ಯಾಸ ಇಲ್ಲದಿರುವುದೂ ಅವುಗಳ ಜೊತೆ ಸೇರುತ್ತದೆ ಎಂದು ನಾನು ನಂಬುತ್ತೇನೆ.

ಹದಿಹರೆಯದ ಸಾಹಸದ ಬಗ್ಗೆ ಒಂದೆರಡು ಮಾತು. ಲಾರೆನ್ಸ್ ಸ್ಟೈನ್‌ಬರ್ಗ್ ಮತ್ತು ಸಹೋದ್ಯೋಗಿ 2005ರಲ್ಲಿ ಮಾಡಿದ ಪ್ರಯೋಗದಲ್ಲಿ, ವಿಡಿಯೊ ಆಟದಲ್ಲಿ ಕಾರು ಓಡಿಸುವಾಗ ಗೆಳೆಯರು ಪಕ್ಕದಲ್ಲಿದ್ದರೆ ಹದಿಹರೆಯದವರು ಹೆಚ್ಚು ಅಪಾಯಕ್ಕೆ ಮುನ್ನುಗ್ಗಿದರು. ದೊಡ್ಡವರಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ನಮ್ಮ ಹೆದ್ದಾರಿಗಳಲ್ಲಿ ವ್ಹೀಲಿ ಮಾಡುವ ಹುಡುಗರು ಒಬ್ಬೊಬ್ಬರೇ ಇರುವುದಿಲ್ಲ ಎಂಬುದನ್ನು ಗಮನಿಸಿ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ಅಪ್ರಾಪ್ತರ ಕೈಗೆ ಬಂಡಿ ಕೊಟ್ಟ ಪೋಷಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು ಎನ್ನುತ್ತದೆ. ಆದರೂ ಹತ್ತನೇ ತರಗತಿ ಮುಗಿಸಿದ ಮಗನಿಗೆ ಬೈಕು ಕೊಡಿಸುವುದು ಪ್ರೀತಿಯ ಗುರುತೆಂದು ತಿಳಿದ ಅಪ್ಪಂದಿರಿದ್ದಾರೆ. ಮೊಬೈಲಿನ ಕಥೆಯೂ ಇದೇ. ಗ್ರಾಮೀಣ ಭಾರತದ 14ರಿಂದ 18ರ ವಯಸ್ಸಿನವರನ್ನು ಕುರಿತ 2023ರ ಅಸರ್ ವರದಿಯಲ್ಲಿ ಸ್ವಂತ ಸ್ಮಾರ್ಟ್‌ಫೋನ್ ಇದ್ದವರ ಪ್ರಮಾಣ ಹುಡುಗಿಯರಲ್ಲಿ ಇದ್ದುದಕ್ಕಿಂತ ಹುಡುಗರಲ್ಲಿ ದುಪ್ಪಟ್ಟಿಗೂ ಹೆಚ್ಚು. ವಸ್ತು ಕೈಗೆ ಬರುತ್ತದೆ, ಜೊತೆಗೆ ಕೂರುವ ಮನುಷ್ಯ ಬರುವುದಿಲ್ಲ.

ಹಾಗಾದರೆ ಬದಲಾಯಿಸಲು ಆಗುತ್ತದೆಯೇ? ಆಗುತ್ತದೆ ಎನ್ನಲು ಆಧಾರವಿದೆ. ನ್ಯೂಜಿಲೆಂಡಿನ ಡನೀಡನ್ ನಗರದಲ್ಲಿ 1972–73ರಲ್ಲಿ ಹುಟ್ಟಿದ ಮಕ್ಕಳನ್ನು ದಶಕಗಟ್ಟಲೆ ಹಿಂಬಾಲಿಸಿದ ಅಧ್ಯಯನದ ಆಧಾರದ ಮೇಲೆ ಟೆರ್ರಿ ಮೊಫಿಟ್ 1993ರಲ್ಲಿ ಒಂದು ಮುಖ್ಯ ವಿಂಗಡಣೆ ಮಾಡಿದರು. ಬಾಲ್ಯದಲ್ಲೇ ಶುರುವಾಗಿ ಜೀವನವಿಡೀ ಉಳಿಯುವ ಪುಂಡತನ ಬಹಳ ಕಡಿಮೆ ಜನರದು. ಹದಿವಯಸ್ಸಿನಲ್ಲಿ ಕಾಣಿಸಿ ಆಮೇಲೆ ತಾನಾಗಿ ಕಳಚಿಕೊಳ್ಳುವುದೇ ಬಹುಪಾಲು. ಹದಿನೈದರ ಹುಡುಗನ ಒಂದು ತಪ್ಪಿಗೆ ಶಾಲೆಯಿಂದ ಹೆಸರು ಹೊಡೆದುಹಾಕಿದರೆ, ತಾನಾಗಿ ಮುಚ್ಚಬಹುದಾಗಿದ್ದ ಬಾಗಿಲನ್ನು ನಾವೇ ತೆರೆದಿಟ್ಟಂತೆ.

ನಮ್ಮ ದೇಶದ ಪ್ರಯೋಗಗಳೂ ಇವೆ. ಮುಂಬಯಿಯಲ್ಲಿ ‘ಪರಿವರ್ತನ್’ ಎಂಬ ಕಾರ್ಯಕ್ರಮ ಕ್ರಿಕೆಟ್ ಕೋಚ್‌ಗಳ ಮೂಲಕ ಹುಡುಗರೊಂದಿಗೆ ಹೆಣ್ಣುಮಕ್ಕಳ ಗೌರವದ ಬಗ್ಗೆ, ಹಿಂಸೆಯ ಬಗ್ಗೆ ಮಾತು ನಡೆಸಿತು. ಅಪ್ಪನಿಗಿಂತ ಕೋಚ್ ಮಾತನ್ನು ಹೆಚ್ಚು ಕೇಳುವ ವಯಸ್ಸಿನಲ್ಲಿ ಇದು ಜಾಣ ದಾರಿ. ಹರಿಯಾಣದಲ್ಲಿ ‘ಬ್ರೇಕ್‌ಥ್ರೂ’ ಸಂಸ್ಥೆ ಸರ್ಕಾರಿ ಶಾಲೆಗಳಲ್ಲಿ ಎರಡೂವರೆ ವರ್ಷ ತರಗತಿ ಚರ್ಚೆಗಳನ್ನು ನಡೆಸಿತು. 314 ಶಾಲೆಗಳನ್ನು ಚೀಟಿ ಎತ್ತಿದಂತೆ ವಿಂಗಡಿಸಿ ಮಾಡಿದ ಈ ಪರೀಕ್ಷೆಯ ಫಲ 2022ರಲ್ಲಿ ಪ್ರಕಟವಾಯಿತು. ಹುಡುಗ–ಹುಡುಗಿಯರಿಬ್ಬರ ಧೋರಣೆಯೂ ಬದಲಾಗಿತ್ತು, ಕಾರ್ಯಕ್ರಮ ಮುಗಿದು ಎರಡು ವರ್ಷವಾದರೂ ಬದಲಾವಣೆ ಉಳಿದಿತ್ತು. ನಡವಳಿಕೆಯಲ್ಲಿ, ಅಂದರೆ ಮನೆಗೆಲಸಕ್ಕೆ ಕೈಜೋಡಿಸುವಂಥ ವಿಷಯಗಳಲ್ಲಿ, ಹುಡುಗರ ಬದಲಾವಣೆ ಹೆಚ್ಚೇ ಇತ್ತು. ಬದಲಾಗಲು ಅವರಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಬೆತ್ತ ಹಿಡಿಯದೆ, ಬೋಧನೆ ಮಾಡದೆ, ಬರೀ ಮಾತಾಡಿ ಇಷ್ಟು ಸಾಧ್ಯವಾಗಿದ್ದರೆ ನಮ್ಮ ಶಾಲೆಗಳಲ್ಲಿ ವಾರಕ್ಕೊಂದು ಅವಧಿಯನ್ನು ಇದಕ್ಕೆ ಮೀಸಲಿಡಲು ಅಡ್ಡಿಯೇನು? ಅದನ್ನು ನಡೆಸಲು ಪ್ರತಿ ಪ್ರೌಢಶಾಲೆಗೆ ಒಬ್ಬ ಆಪ್ತಸಮಾಲೋಚಕರು ಬೇಕು. ಈ ಬೇಡಿಕೆಯನ್ನು ಎಸ್‌ಡಿಎಂಸಿ ಸಭೆಗಳಲ್ಲಿ ಪೋಷಕರೇ ಎತ್ತಬೇಕು.

ಅಪ್ಪಂದಿರಲ್ಲಿ ಒಂದು ವಿನಂತಿ. ಮಗನ ಅಂಕಪಟ್ಟಿ ಕೇಳುವ ಮೊದಲು ಅವನ ದಿನ ಹೇಗಿತ್ತೆಂದು ಕೇಳಿ. ಉತ್ತರ ಒಂದೇ ಮಾತಿನಲ್ಲಿ ಬಂದರೂ ಎದ್ದುಹೋಗಬೇಡಿ. ಅವನೆದುರೇ ತಟ್ಟೆ ತೊಳೆಯಿರಿ, ಅವನ ಕೈಲೂ ತೊಳೆಸಿ. ಅವನ ಅಮ್ಮನೊಂದಿಗೆ ನೀವು ಮಾತಾಡುವ ರೀತಿಯನ್ನೇ ಅವನು ನಾಳೆ ಬಳಸುತ್ತಾನೆ ಎಂಬುದು ನೆನಪಿರಲಿ. ಮಗ ವಾರಗಟ್ಟಲೆ ಸಪ್ಪಗಿದ್ದರೆ, ಊಟ ನಿದ್ದೆ ಕೆಟ್ಟರೆ, ಕೈ ಮೀರಿ ಸಿಟ್ಟಾಗುತ್ತಿದ್ದರೆ ಬೈದು ಸುಮ್ಮನಾಗಬೇಡಿ: ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ದಿನದ ಎಲ್ಲ ಹೊತ್ತೂ ತೆರೆದಿರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮಕ್ಕಳ ಸಹಾಯವಾಣಿ 1098ಕ್ಕೆ ಹುಡುಗನೇ ಕರೆ ಮಾಡಬಹುದು. ಈ ಎರಡು ಸಂಖ್ಯೆಗಳನ್ನು ಇಂದೇ ಅವನ ಫೋನಿನಲ್ಲಿ ಬರೆದುಕೊಡಿ.